ನೀರಿನ ಮೇಲೆ ಇಪ್ಪತ್ತೆರಡು ವರ್ಷ

ನಮ್ಮ ಮೇಲಿನ ಮನೆಯ ಮೀಟರಪ್ಪನವರು ತಾವೇ ಹಾಯಿದೋಣಿ ನಡೆಸಿಕೊಂಡು ದ್ವೀಪದಿಂದ ದ್ವೀಪಕ್ಕೆ ಹೋದರು ಎಂದು ಯಾರಾದರೂ ಹೇಳಿದರೆ ನೀವು ನಂಬಬೇಕಾಗಿಲ್ಲ. ನಾನೂ ನಂಬಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಗೇಣುದ್ದ ನೀರು ನಿಂತರೆ, ದಾಟಲು ಎರಡು ಇಟ್ಟಿಗೆ ಇಡಿ ಎಂದು ಮೇಲಿಂದಲೇ ನನ್ನನ್ನು ಕೂಗುವ ಮನುಷ್ಯ ಅವರು. ಆದರೆ ಅವರು ಹೇಳಿದ್ದು, ಅವರ ಹೆಂಡತಿ ಹೇಳಿದ್ದು, ಅವರ ಅತ್ತೆ ಹೇಳಿದ್ದು, ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದಾಗ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೀಟರಪ್ಪನವರು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವವರು. ಬೆಳಿಗ್ಗೆ ಬೀದಿ ಸುತ್ತುವುದು, ಮುಚ್ಚಳ ಎತ್ತುವುದು, ಜೇಡವನ್ನು ಮರ್ಯಾದೆಯಿಂದ ಪಕ್ಕಕ್ಕೆ ಸರಿಸುವುದು, ಅಂಕಿ ಬರೆದುಕೊಳ್ಳುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದಾರೆ. ಹೆಂಡತಿ ಆಸ್ಪತ್ರೆಯಲ್ಲಿ ದಾದಿ. ಗಂಡನೊಡನೆಯೂ ಅವರು ಮಾತಾಡುವುದು ಆಪರೇಷನ್ ಮುಗಿದ ರೋಗಿಯೊಡನೆ ಮಾತಾಡುವ ಹಾಗೆ: ಮೆಲ್ಲಗೆ, ಖಚಿತವಾಗಿ, ಎದುರು ಮಾತಿಗೆ ಎಡೆ ಇಲ್ಲದಂತೆ. ಅತ್ತೆ ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿ, ಕಣ್ಣಿನ ಪೊರೆ ಬಂದಮೇಲೆ ಅಂಗಡಿ ಮುಚ್ಚಿ, ಪೊರೆ ತೆಗೆಸಿದ ಮೇಲೆ ಮುಚ್ಚಿದ್ದಕ್ಕೆ ಪಶ್ಚಾತ್ತಾಪ ಪಡುತ್ತಾ ಮಗಳ ಮನೆಯಲ್ಲಿದ್ದಾರೆ.

ಈ ಶಾಂತ ಸಂಸಾರ ಸಮುದ್ರಕ್ಕೆ ಬಿದ್ದದ್ದು ಮೀಟರಪ್ಪನವರ ಷಡ್ಡಕನಿಂದ. ಆತ ಹಲ್ಲಿನ ಡಾಕ್ಟರು. ಹಿಂದಿನ ವರ್ಷ ದ್ವೀಪಗಳಿಗೆ ರಜೆ ಹೋಗಿ, ದೋಣಿಯ ಚುಕ್ಕಾಣಿ ಹಿಡಿದು ಒಂದು ಫೋಟೋ ತೆಗೆಸಿಕೊಂಡು, ಅದನ್ನು ದವಾಖಾನೆಯಲ್ಲಿ ರೋಗಿಯ ಕುರ್ಚಿಯ ಎದುರಿಗೇ ತೂಗುಹಾಕಿದ್ದ. ಬಾಯಿ ತೆರೆದು ಮಲಗಿದವರು ಅದನ್ನು ನೋಡದೆ ವಿಧಿಯಿಲ್ಲ, ನೋಡಿ ಮಾತಾಡುವಂತೆಯೂ ಇಲ್ಲ. ಮೀಟರಪ್ಪನವರು ಒಂದು ದವಡೆಹಲ್ಲಿನ ಸಲುವಾಗಿ ಆರು ಸಲ ಅಲ್ಲಿ ಮಲಗಿದರು. ಆರನೆಯ ಸಲ ಬಾಯಿಂದ ಹತ್ತಿ ತೆಗೆದ ಕೂಡಲೆ ಅವರು ಹೇಳಿದ ಮೊದಲ ಮಾತು, “ಈ ವರ್ಷ ನಾವೂ ಹೋಗ್ತಿದ್ದೀವಿ.”

ಪ್ರವಾಸದ ಕಚೇರಿಗೆ ಷಡ್ಡಕನೂ ಜೊತೆಗೆ ಬಂದ. ಅರ್ಜಿಯಲ್ಲಿ ‘ಹುದ್ದೆ’ ಎಂಬ ಜಾಗ ಬಂದಾಗ ಆತ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ. ಮೀಟರಪ್ಪನವರ ಪೆನ್ನು ಕ್ಷಣಹೊತ್ತು ನಿಂತಿತು. ಅವರ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ಮೂರು ತಿಂಗಳಾಗಿತ್ತು. ಕಚೇರಿಯಲ್ಲಿ ಆ ಕುರ್ಚಿಯ ಮೇಲಿನ ಫ್ಯಾನ್ ಒಂದೇ ತಿರುಗುತ್ತಿದ್ದುದರಿಂದ ಮಧ್ಯಾಹ್ನದ ಹೊತ್ತು ಮೀಟರಪ್ಪನವರು ಅದರಲ್ಲಿ ಕೂರುತ್ತಿದ್ದರು. ಕೂತವನದೇ ಕುರ್ಚಿ ಎಂದು ದೊಡ್ಡವರೇ ನಡೆಸಿಕೊಂಡು ಬಂದಿರುವಾಗ ಇವರೊಬ್ಬರನ್ನು ಬೈದು ಪ್ರಯೋಜನವಿಲ್ಲ. ‘ಮುಖ್ಯಸ್ಥರು, ಜಲ ವಿಭಾಗ’ ಎಂದು ಬರೆದರು. ಮುಂದಿನ ಪ್ರಶ್ನೆ, ‘ನೀರಿನ ಮೇಲೆ ಅನುಭವ, ವರ್ಷಗಳಲ್ಲಿ.’ ಇದಕ್ಕೆ ಅವರು ಪ್ರಾಮಾಣಿಕವಾಗಿಯೇ ಇಪ್ಪತ್ತೆರಡು ಎಂದು ಬರೆದರು. ಷಡ್ಡಕನ ಉಸಿರು ಭುಜದ ಮೇಲೆ ತಣ್ಣಗಾಯಿತು.

ದೋಣಿ ಹೊರಡುವ ಕಟ್ಟೆಯಲ್ಲಿ, ದೋಣಿ ಬಾಡಿಗೆಗೆ ಕೊಡುವ ಗುಮಾಸ್ತ ಎದ್ದು ನಿಂತು ಕೈಮುಗಿದ. ಬಿಳಿ ಬಣ್ಣದ, ಮೂರು ಜನ ಮಲಗಬಹುದಾದ, ಒಂದು ಕಂಬದ ಹಾಯಿದೋಣಿ ಕಟ್ಟಿಹಾಕಿದ ಕರುವಿನಂತೆ ಅಲುಗಾಡುತ್ತಿತ್ತು.

“ದೋಣಿ ನಡೆಸೋರು ಎಲ್ಲಿ?” ಎಂದು ಮೀಟರಪ್ಪನವರು ಸುತ್ತ ನೋಡಿದರು.

ಗುಮಾಸ್ತ ನಕ್ಕ. “ಒಳ್ಳೇ ತಮಾಷೆ ಮಾಡ್ತೀರಿ ಸಾರ್. ಹೊಸಬರಿಗೆ ನಾವು ಆಳು ಕೊಡ್ತೀವಿ. ನಿಮ್ಮಂಥೋರಿಗೆ ಆಳು ಕೊಟ್ರೆ ನಿಮಗೆ ಅವಮಾನ ಮಾಡಿದ ಹಾಗೆ. ಐದು ದ್ವೀಪ, ಒಂದರಿಂದ ಇನ್ನೊಂದು ಕಣ್ಣಿಗೆ ಕಾಣುತ್ತೆ. ಇಪ್ಪತ್ತೆರಡು ವರ್ಷದೋರಿಗೆ ನಾನೇನು ಹೇಳ್ಲಿ?”

ಈ ಹೊತ್ತಿನಲ್ಲಿ ಸತ್ಯ ಹೇಳಿಬಿಡುವುದು ಬಹಳ ಸುಲಭವಿತ್ತು. ಆದರೆ ಬೀಳ್ಕೊಡಲು ಬಂದ ಷಡ್ಡಕ ಹತ್ತು ಹೆಜ್ಜೆ ದೂರದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ಅವನ ಮುಖದಲ್ಲಿ, ಹಿಂದಿನ ವರ್ಷ ತನ್ನ ಪಕ್ಕದಲ್ಲಿ ಯಾರೋ ಒಬ್ಬ ಬಾಡಿಗೆಯವ ನಿಂತು ಚುಕ್ಕಾಣಿಯ ನಿಜವಾದ ತುದಿ ಹಿಡಿದಿದ್ದ ನೆನಪು ಕಹಿಯಾಗಿ ಹಾದುಹೋಯಿತು.

“ಆಳು ಇಲ್ವಾ?” ಎಂದು ಅವನು ಕೇಳಿದ.

“ಯಾಕೆ ಬೇಕು?” ಎಂದರು ಮೀಟರಪ್ಪನವರು. ಮಾತು ಬಾಯಿಂದ ಹೊರಬಿದ್ದಾಗ ಅದು ಯಾರ ಮಾತೆಂದು ಅವರಿಗೇ ಆಶ್ಚರ್ಯವಾಯಿತಂತೆ.

ಹೆಂಡತಿ ಕಿವಿಯ ಹತ್ತಿರ ಬಂದು, “ನಿಮಗೆ ಈಜು ಬರಲ್ಲ,” ಎಂದು ನೆನಪಿಸಿದರು.

“ದೋಣಿ ಇರೋದೇ ಅದಕ್ಕಲ್ವಾ,” ಎಂದರು ಇವರು.

ಹೆಂಡತಿ ತಕ್ಷಣ ಮೂರು ತೇಲುವ ಜಾಕೆಟ್ಟುಗಳನ್ನು ತೆಗೆದು, ಮೊದಲು ತಾಯಿಗೆ, ಆಮೇಲೆ ಗಂಡನಿಗೆ, ಕೊನೆಗೆ ತನಗೆ ತೊಡಿಸಿ ಗುಂಡಿ ಹಾಕಿದರು. ವಾರ್ಡಿನ ಕ್ರಮವೇ ಅದು. ಇಂಜಿನ್ನಿಗೆ ಒಂದು ಬೀಗದ ಕೈ ಇತ್ತು. ತಿರುಗಿಸಿದರೆ ಚಾಲೂ ಆಯಿತು. ಷಡ್ಡಕನ ಕ್ಯಾಮೆರಾ ಕ್ಲಿಕ್ ಅನ್ನುವಷ್ಟರಲ್ಲಿ ದೋಣಿ ಕಟ್ಟೆಯಿಂದ ಬಿಟ್ಟಿತ್ತು. ಫೋಟೋದಲ್ಲಿ ಮೀಟರಪ್ಪನವರ ಮುಖ ಬಹಳ ಗಂಭೀರವಾಗಿದೆ. ಅದು ಗಾಂಭೀರ್ಯವಲ್ಲ ಎಂದು ಹೆಂಡತಿಗೆ ಮಾತ್ರ ಗೊತ್ತು.

ಅರ್ಧ ಗಂಟೆ ಎಲ್ಲವೂ ಸುಖವಾಗಿತ್ತು. ಹಸಿರು ನೀರು, ತಳದ ಮರಳು ಕಾಣುವಷ್ಟು ತಿಳಿ, ಮುಂದೆ ತೆಂಗಿನ ತಲೆಗಳ ಒಂದು ಗುಡ್ಡೆ, ಅದರ ಹಿಂದೆ ಇನ್ನೊಂದು. “ನೋಡಿದ್ರಾ ಅತ್ತೆ, ಏನೂ ಕಷ್ಟ ಇಲ್ಲ,” ಎಂದು ಮೀಟರಪ್ಪನವರು ಹೇಳಿದ್ದೇ ತಡ, ಇಂಜಿನ್ನು ಗೊರ್ ಎಂದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹಿಂದೆ ಬಗ್ಗಿ ನೋಡಿದರೆ ಕಡಲಪಾಚಿ ಜಡೆಯಂತೆ ಸುತ್ತಿಕೊಂಡಿದೆ.

ಹಾಯಿ ಬಿಚ್ಚಿದರು. ಅದನ್ನು ಮೇಲೇರಿಸುವ ಹಗ್ಗ ಯಾವುದೆಂದು ತಿಳಿಯಲು, ಇದ್ದ ಆರು ಹಗ್ಗಗಳನ್ನೂ ಎಳೆದದ್ದಾಯಿತು. ಕೊನೆಯದೇ ಅದಾಗಿತ್ತು. ಮೇಲೇರಿದ ಹಾಯಿ ಪಟಪಟನೆ ಬಡಿದುಕೊಂಡು ದೋಣಿಯನ್ನು ಇದ್ದಲ್ಲೇ ಗಿರಗಿರ ತಿರುಗಿಸಿತು. ಮೀಟರಪ್ಪನವರು ಚುಕ್ಕಾಣಿಯನ್ನು ಎಡಕ್ಕೆ ಒತ್ತಿದರೆ ದೋಣಿ ಬಲಕ್ಕೆ ಹೋಗುತ್ತಿತ್ತು. ಇದು ಸರ್ಕಾರಿ ವಸ್ತುವಾಗಿರಬೇಕು ಎಂದು ಅವರಿಗೆ ಅನಿಸಿತು.

ಆಗ ಮೂಲೆಯಲ್ಲಿ ಕೂತಿದ್ದ ಅತ್ತೆ, ಹಾಯಿಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ ನೋಡಿದರು.

“ಒಳ್ಳೇ ಬಟ್ಟೆ. ಅಡ್ಡ ಎಳೆ ಗಟ್ಟಿ ಇದೆ, ಓರೆಗೆ ಎಳೆದರೆ ಜಗ್ಗುತ್ತೆ. ಅಳಿಯಂದ್ರೇ, ಆ ಹಗ್ಗ ಇಲ್ಲಿ ಕೊಡಿ.”

“ಅತ್ತೆ, ಇದು ಹೊಲಿಗೆ ಅಲ್ಲ.”

“ಅದು ಗೊತ್ತು. ಹೊಲಿಗೆ ಆಗಿದ್ರೆ ಇಷ್ಟು ಹೊತ್ತಿಗೆ ಮುಗೀತಿತ್ತು. ಮಾಳಿಗೆ ಮೇಲೆ ಹೊದಿಕೆ ಒಣಗಿ ಹಾಕ್ತೀವಲ್ಲ, ಪಟಪಟ ಅಂದ್ರೆ ಬಟ್ಟೆ ಬಿಗಿ ಇಲ್ಲ ಅಂತ ಅರ್ಥ. ಪಟಪಟ ನಿಲ್ಲೋವರೆಗೂ ಎಳೀಬೇಕು, ನಿಂತಮೇಲೆ ಸುಮ್ನಿರಬೇಕು. ನೀವು ಎಳೀತಾನೇ ಇದ್ದೀರಿ.”

ಅವರು ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡು ಮೆಲ್ಲಗೆ ಎಳೆದರು. ಹಾಯಿ ಬಡಿದುಕೊಳ್ಳುವುದನ್ನು ನಿಲ್ಲಿಸಿ, ಹೊಟ್ಟೆ ತುಂಬಿದವರಂತೆ ಉಬ್ಬಿತು. ದೋಣಿ ಒಂದು ಕಡೆಗೆ ಸ್ವಲ್ಪ ವಾಲಿ ಸದ್ದಿಲ್ಲದೆ ಮುಂದೆ ಜಾರಿತು. ಮೂವರೂ ಮಾತಾಡಲಿಲ್ಲ. ಮಾತಾಡಿದರೆ ನಿಂತುಬಿಡಬಹುದೆಂಬ ಭಯ.

ಮೊದಲ ದ್ವೀಪ ಹತ್ತಿರವಾದಂತೆ ದಡದಲ್ಲಿ ಜನ ಸೇರಿರುವುದು ಕಂಡಿತು. ಜನವೆಂದರೆ ಐವತ್ತು ಅರುವತ್ತಲ್ಲ, ಇಡೀ ದ್ವೀಪವೇ ಇದ್ದಂತಿತ್ತು. ಮೀಟರಪ್ಪನವರು “ಲಂಗರು ಹಾಕಬೇಕು,” ಎಂದು ಓಡಿ, ಭಾರದ ಆ ಕಬ್ಬಿಣವನ್ನು ಎರಡು ಕೈಯಲ್ಲಿ ಎತ್ತಿ, ಜನರೆಲ್ಲ ನೋಡುತ್ತಿರುವಂತೆ ಭರ್ಜರಿಯಾಗಿ ಎಸೆದರು. ಲಂಗರು ಮುಳುಗಿತು. ಅದರ ಹಿಂದೆ ಹಗ್ಗ ಸರಸರ ಹೋಯಿತು. ಹಗ್ಗದ ಕೊನೆಯೂ ಹೋಯಿತು. ಅದನ್ನು ದೋಣಿಗೆ ಕಟ್ಟಿರಬೇಕು ಎಂದು ಅರ್ಜಿಯಲ್ಲಿ ಎಲ್ಲೂ ಬರೆದಿರಲಿಲ್ಲ.

ದೋಣಿ ನಿಲ್ಲದೆ ಮುಂದೆ ಹೋಗಿ, ಮೆತ್ತನೆಯ ಮರಳಿಗೆ ಮೂತಿ ಇಟ್ಟು ನಿಂತಿತು.

ಎದುರಿಗೆ ಬಿಳಿ ಸಮವಸ್ತ್ರದ ಬಂದರು ಅಧಿಕಾರಿ. ಆ ಸಮವಸ್ತ್ರ ಹಪ್ಪಳದಂತೆ ಗರಿಗರಿಯಾಗಿತ್ತು, ಸಲ್ಯೂಟ್ ಹೊಡೆದಾಗ ಕಂಕುಳಲ್ಲಿ ಮುರಿದ ಸದ್ದಾಯಿತು.

“ನೋಡಿದ್ರಾ,” ಎಂದು ಅವರು ಜನರತ್ತ ತಿರುಗಿದರು. “ಲಂಗರು ಹಾಕಿ, ಸಣ್ಣ ದೋಣಿ ತರಿಸಿ, ಮೆಲ್ಲಗೆ ಇಳಿದು ಬರೋಷ್ಟು ಪುರುಸೊತ್ತೂ ಬೇಡ ಅಂತ ನೇರ ದಡಕ್ಕೇ ಬಂದ್ರು. ಜನರ ಕಷ್ಟ ಅರಿತೋರು ಅಂದ್ರೆ ಇವರು.”

ಆಗಿದ್ದು ಇಷ್ಟು. ಯಾವ ದೋಣಿಯಲ್ಲಿ ಯಾರು ಬರುತ್ತಾರೆಂದು ಬಾಡಿಗೆ ಗುಮಾಸ್ತ ಬೆಳಿಗ್ಗೆ ರೇಡಿಯೋದಲ್ಲಿ ಎಲ್ಲ ದ್ವೀಪಗಳಿಗೂ ಓದಿ ಹೇಳುತ್ತಿದ್ದ. ‘ಜಲ ವಿಭಾಗದ ಮುಖ್ಯಸ್ಥರು, ಕುಟುಂಬ ಸಮೇತ’ ಎಂದು ಅವನು ಓದಿದ. ಈ ದ್ವೀಪದಲ್ಲಿ ಮೂರು ವಾರದಿಂದ ನಲ್ಲಿಯಲ್ಲಿ ನೀರಿಲ್ಲ. ಹನ್ನೊಂದು ಮನವಿ ಕಳಿಸಿದ್ದಾಗಿತ್ತು. ಗುಡ್ಡದ ಮೇಲೆ ನೀರುಕ್ಕುವ ಊಟೆ ಇದೆ, ಊಟೆಯ ಕೆಳಗೆ ತೊಟ್ಟಿ ಇದೆ, ತೊಟ್ಟಿಯಿಂದ ಕೊಳವೆ ಇಳಿದುಬಂದಿದೆ, ಕೊಳವೆಯ ತುದಿಯಲ್ಲಿ ಗಾಳಿ ಮಾತ್ರ ಬರುತ್ತದೆ.

ದಡದಿಂದ ಶಾಲೆಯವರೆಗೆ ಖಾಲಿ ಕೊಡ, ಬಕೆಟ್ಟು, ಪಾತ್ರೆ, ಒಂದು ಮಗುವಿನ ಸ್ನಾನದ ತೊಟ್ಟಿ, ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಮೀಟರಪ್ಪನವರನ್ನು ಆ ಸಾಲಿನ ಪಕ್ಕದಲ್ಲೇ ನಡೆಸಿಕೊಂಡು ಹೋಗಿ, ಮರದ ನೆರಳಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿದರು. ಅಧಿಕಾರಿ ಭಾಷಣ ಶುರುಮಾಡಿದರು. ಭಾಷಣದಲ್ಲಿ ‘ಸಾಕ್ಷಾತ್’ ಎಂಬ ಮಾತು ಏಳು ಸಲ ಬಂತು.

ಮೀಟರಪ್ಪನವರು ಅವರ ಗರಿಗರಿ ತೋಳನ್ನು ಹಿಡಿದು ಜಗ್ಗಿದರು. “ಸಾರ್, ಒಂದು ನಿಮಿಷ. ನಾನು ಆ ಮುಖ್ಯಸ್ಥ ಅಲ್ಲ.”

“ನಿಮ್ಮ ವಿನಯ ದೊಡ್ಡದು,” ಎಂದು ಅಧಿಕಾರಿ ಅದನ್ನೂ ಭಾಷಣಕ್ಕೆ ಸೇರಿಸಿದರು. “ತಾನು ಮುಖ್ಯಸ್ಥ ಅಲ್ಲ, ನಿಮ್ಮ ಸೇವಕ ಅಂತ ಹೇಳ್ತಿದ್ದಾರೆ.”

ಜನ ಚಪ್ಪಾಳೆ ತಟ್ಟಿದರು. ಒಣಗಿದ ತುಟಿಗಳು ನಕ್ಕವು. ಆ ತುಟಿಗಳನ್ನು ದಾದಿಯ ಕಣ್ಣಿಂದ ನೋಡುತ್ತಿದ್ದ ಹೆಂಡತಿ ಬಗ್ಗಿ ಗಂಡನ ಕಿವಿಯಲ್ಲಿ ಹೇಳಿದರು, “ಈ ಜನಕ್ಕೆ ಸುಳ್ಳು ಭರವಸೆ ಕೊಡಬಾರದು. ನೀವು ಹೇಳ್ತೀರೋ, ನಾನು ಹೇಳ್ಲೋ?”

ಮೀಟರಪ್ಪನವರು ಎದ್ದರು. ಎಲ್ಲರಿಗೂ ಕಾಣಲಿ ಎಂದು ಕುರ್ಚಿಯ ಮೇಲೆ ಹತ್ತಿದರು. ತೇಲುವ ಜಾಕೆಟ್ಟು ಇನ್ನೂ ಮೈಮೇಲಿತ್ತು.

“ಕೇಳಿ. ನಾನು ಮುಖ್ಯಸ್ಥ ಅಲ್ಲ. ಅದು ನನ್ನ ಷಡ್ಡಕನ ಎದುರಿಗೆ ಬರೆದ ಸುಳ್ಳು. ನಾನು ಮೀಟರ್ ಓದೋನು. ದೋಣಿ ನಡೆಸೋದೂ ಬರಲ್ಲ, ನಡೆಸಿದ್ದು ನಮ್ಮತ್ತೆ. ಲಂಗರು ಎಸೆದದ್ದು ಮಾತ್ರ ನಾನೇ, ಅದು ಈಗ ನೀರಿನ ಅಡಿಯಲ್ಲಿದೆ. ನಿಮ್ಮ ಖಾಲಿ ಪಾತ್ರೆ ನೋಡೋಕೆ ಆಗ್ತಿಲ್ಲ. ತಪ್ಪಾಯ್ತು.”

ಚಪ್ಪಾಳೆ ಇಲ್ಲ. ಅಧಿಕಾರಿಯ ಬಾಯಿ ‘ಸಾಕ್ಷಾ’ ಎಂಬಲ್ಲಿ ನಿಂತಿತ್ತು. ಹೆಂಡತಿ ಹಿಂದಿನಿಂದ ಬಂದು, ಅಲುಗಾಡುತ್ತಿದ್ದ ಕುರ್ಚಿಯ ಬೆನ್ನನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

ಮುಂದಿನ ಸಾಲಿನಲ್ಲಿದ್ದ ಶಾಲೆಯ ಟೀಚರಮ್ಮ ಎದ್ದು ನಿಂತರು. ಇನ್ನೊಂದು ವಾರ ಹೀಗೇ ಹೋದರೆ ಶಾಲೆ ಮುಚ್ಚಿ, ಮಕ್ಕಳಿರುವ ಮನೆಗಳೆಲ್ಲ ದ್ವೀಪ ಬಿಡುವುದೆಂದು ತೀರ್ಮಾನವಾಗಿತ್ತು.

“ಮೀಟರ್ ಓದೋರು ಅಂದ್ರಿ. ಕೊಳವೆ ವಿಷಯ ಗೊತ್ತಾ?”

“ಕೊಳವೆ ಗೊತ್ತಮ್ಮ. ಕೊಳವೆ ಬಿಟ್ಟು ಬೇರೇನೂ ಗೊತ್ತಿಲ್ಲ.”

“ಹಾಗಾದ್ರೆ ಇಳೀರಿ. ಹಿಂದಿನ ಮುಖ್ಯಸ್ಥರು ಎರಡು ಸಲ ಬಂದು ಹೋಗಿದ್ದಾರೆ. ಕುರ್ಚಿಯಿಂದ ಇಳಿದವರನ್ನ ನಾವು ಇನ್ನೂ ನೋಡಿಲ್ಲ.”

ಮೀಟರಪ್ಪನವರು ಇಳಿದರು. ತೇಲುವ ಜಾಕೆಟ್ಟು ಬಿಚ್ಚಿಟ್ಟರು. ಒಂದು ಪೊರಕೆ ಕೇಳಿ ಪಡೆದು, ಅದರ ಕೋಲನ್ನು ಮಾತ್ರ ಕಿತ್ತುಕೊಂಡು ಗುಡ್ಡ ಹತ್ತಿದರು. ತೊಟ್ಟಿಯಲ್ಲಿ ನೀರಿತ್ತು. ಕೊಳವೆ ಹೊರಡುವ ಬಾಯಿಯಲ್ಲಿ ಕೂರಿಸಿದ್ದ ಮೀಟರು ಓಡುತ್ತಿತ್ತು, ಅದೂ ಜೋರಾಗಿ. “ನೀರು ಇಲ್ಲಿಂದ ಹೊರಟಿದೆ,” ಎಂದರು. “ನಿಮ್ಮನೆಗೆ ಬಂದಿಲ್ಲ. ದಾರೀಲಿ ಎಲ್ಲೋ ನೆಂಟರ ಮನೆಗೆ ಹೋಗಿದೆ.”

ಕೋಲಿನ ಒಂದು ತುದಿಯನ್ನು ಕೊಳವೆಗೆ ಒತ್ತಿ, ಇನ್ನೊಂದನ್ನು ಕಿವಿಗೆ ಇಟ್ಟರು. ಕಣ್ಣು ಮುಚ್ಚಿದರು. ಹತ್ತು ಹೆಜ್ಜೆ ಇಳಿದು ಮತ್ತೆ ಹಾಗೇ ಮಾಡಿದರು. ಹಿಂದೆ ಇಡೀ ದ್ವೀಪ ತುದಿಗಾಲಲ್ಲಿ ಇಳಿಯುತ್ತಿತ್ತು. ಯಾರೋ ಸೀನಿದರು. ಮೀಟರಪ್ಪನವರು ತಿರುಗಿ ನೋಡಿದ ನೋಟಕ್ಕೆ ಆತ ಎರಡನೆಯ ಸೀನನ್ನು ನುಂಗಿಕೊಂಡ. ಒಂದು ಹುಂಜ ಕೂಗಲು ಕತ್ತು ಎತ್ತಿದಾಗ ಮೂರು ಜನ ಒಟ್ಟಿಗೆ ಅದರ ಮೇಲೆ ಬಿದ್ದರು. ದೋಣಿಯಲ್ಲಿ ಎಡಬಲ ತಿಳಿಯದೆ ಒದ್ದಾಡಿದ್ದ ಅಳಿಯ ಇವನೇ ಹೌದೋ ಎಂದು ಅತ್ತೆಗೆ ಅನುಮಾನ ಬಂತಂತೆ.

ಗುಡ್ಡದ ಬುಡದಲ್ಲಿ ನೀರು ಸೋರುವ ಸದ್ದು ಹೆಚ್ಚಿತು. ಶಾಲೆಯ ಹತ್ತಿರ ಇನ್ನೂ ಹೆಚ್ಚಿತು. ಬಂದರು ಕಚೇರಿಯ ಅಂಗಳದಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟು ಕಟ್ಟೆ, ಅದರ ನಡುವೆ ಎತ್ತರದ ಬಾವುಟದ ಕಂಬ. ಕೋಲನ್ನು ಆ ಕಂಬಕ್ಕೆ ಇಟ್ಟವರೇ ಮೀಟರಪ್ಪನವರು ಕಣ್ಣು ಬಿಟ್ಟರು. ಕೋಲನ್ನು ಟೀಚರಮ್ಮನ ಕೈಗೆ ಕೊಟ್ಟರು. ಅವರು ಕಿವಿ ಇಟ್ಟು ಕೇಳಿದರು, ಮುಖದ ಬಣ್ಣ ಬದಲಾಯಿತು.

“ಒಳಗೆ ಮಳೆ ಸುರೀತಿದೆ,” ಎಂದರು.

“ಈ ಕಂಬ ನೆಟ್ಟು ಎಷ್ಟು ದಿನ ಆಯ್ತು?”

ಅಧಿಕಾರಿ ಕೆಮ್ಮಿದರು. “ಮೂರು ವಾರ.”

ಎಲ್ಲರೂ ಅವರನ್ನು ನೋಡಿದರು. ಕಂಬದ ಚೂಪು ತುದಿ ಕೊಳವೆಯನ್ನು ತೂತುಮಾಡಿಕೊಂಡು ಇಳಿದಿತ್ತು. ಊಟೆಯ ನೀರೆಲ್ಲ ಮರಳಲ್ಲಿ ಇಂಗಿ ಸಮುದ್ರ ಸೇರುತ್ತಿತ್ತು. ಸಮುದ್ರಕ್ಕೇನು ಕಡಿಮೆಯಾಗಿತ್ತೋ.

“ಕಟ್ಟೆ ಒಡೀಬೇಕು,” ಎಂದರು ಮೀಟರಪ್ಪನವರು.

“ಅದು ಸರ್ಕಾರಿ ಕಟ್ಟೆ,” ಎಂದರು ಅಧಿಕಾರಿ. “ಒಡೆಯೋದಾದ್ರೆ ಬರಹದಲ್ಲಿ ಅಪ್ಪಣೆ ಬೇಕು. ಕೊಳವೆ ಸಲುವಾಗಿ ಅಂದ್ರೆ ಜಲ ವಿಭಾಗದ ಮುಖ್ಯಸ್ಥರ ಸಹಿ ಇರಬೇಕು.”

ಇಲ್ಲಿ ಎಲ್ಲರ ಕಣ್ಣೂ ಅಧಿಕಾರಿಯನ್ನು ಬಿಟ್ಟು ಮೀಟರಪ್ಪನವರ ಮೇಲೆ ಬಂದವು. ಯಾರೋ ಒಬ್ಬರು ಕಾಗದವನ್ನೂ, ಇನ್ನೊಬ್ಬರು ಪೆನ್ನನ್ನೂ ಮುಂದೆ ಹಿಡಿದರು. ಟೀಚರಮ್ಮ ಕೂಡ ಆಕಾಶದ ಕಡೆ ತಿರುಗಿಕೊಂಡು, ತಾನೇನೂ ನೋಡುತ್ತಿಲ್ಲ ಎಂದು ತೋರಿಸಿದರು. ಒಂದು ಗೆರೆ ಎಳೆದರೆ ಕೆಲಸ ಆಗುತ್ತಿತ್ತು. ಮೀಟರಪ್ಪನವರು ಪೆನ್ನು ಹಿಡಿದರು, ಬಹಳ ಹೊತ್ತು ಹಿಡಿದಿದ್ದರು, ಆಮೇಲೆ ವಾಪಸು ಕೊಟ್ಟರು.

“ಸಹಿ ಹಾಕಿದ್ರೆ ನಾಳೆ ಈ ಸಾಹೇಬರ ಕೆಲಸ ಹೋಗುತ್ತೆ. ನಾನು ಯಾರು ಅಂತ ಗೊತ್ತಿದ್ದೂ ಅವರು ಒಪ್ಪಿದ ಹಾಗಾಗುತ್ತೆ.”

ಅಧಿಕಾರಿ ನೆಲ ನೋಡಿದರು. ಅವರ ಪರವಾಗಿ ಯಾರೋ ಯೋಚಿಸಿದ್ದು ಬಹಳ ದಿನಗಳ ಮೇಲೆ ಇದೇ ಮೊದಲಿರಬೇಕು. ಆಗ ಗುಂಪಿನಿಂದ ಅಧಿಕಾರಿಯ ಹೆಂಡತಿ ಕೊಡ ಹಿಡಿದು ಮುಂದೆ ಬಂದರು.

“ಮೂರು ವಾರದಿಂದ ಇವರ ಬಟ್ಟೆ ಉಪ್ಪುನೀರಲ್ಲಿ ಒಗೀತಿದ್ದೀನಿ,” ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು. “ಅದಕ್ಕೇ ಇವರು ಕೂತ್ರೆ ಮುರೀತಾರೆ, ಎದ್ರೆ ಮುರೀತಾರೆ. ಇವರು ಅಪ್ಪಣೆಗೆ ಕಾಯ್ತಿರಲಿ. ನಾನು ಮಕ್ಕಳನ್ನ ಕರಕೊಂಡು ನಾಳೆ ಮೊದಲನೇ ದೋಣಿಗೆ ಹೊರಡ್ತೀನಿ.”

ಅಧಿಕಾರಿ ಸ್ವಲ್ಪ ಹೊತ್ತು ಬಾವುಟವನ್ನು ನೋಡಿದರು. ಅದನ್ನು ಇಳಿಸಿ, ಮಡಿಸಿ, ಟೀಚರಮ್ಮನ ಕೈಗೆ ಕೊಟ್ಟರು. ಟೋಪಿ ತೆಗೆದು ತಮ್ಮ ಹೆಂಡತಿಯ ಕೊಡದ ಮೇಲೆ ಇಟ್ಟರು. ಹಾರೆ ತರಿಸಿ ಮೊದಲ ಏಟನ್ನು ತಾವೇ ಹಾಕಿದರು. ಆ ಏಟಿಗೆ ಕಟ್ಟೆ ಬಿರಿಯಿತು, ಅವರ ಅಂಗಿಯ ಬೆನ್ನೂ ಬಿರಿಯಿತು.

ಆಮೇಲೆ ತಡವಾಗಲಿಲ್ಲ. ಇಪ್ಪತ್ತು ಜನ ಸೇರಿ ಕಂಬವನ್ನು ಕಿತ್ತಾಗ ನೀರು ಆಳೆತ್ತರ ಚಿಮ್ಮಿ ಅಧಿಕಾರಿಯನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿತು. ಗರಿಗರಿ ಸಮವಸ್ತ್ರ ಮೈಗೆ ಅಂಟಿಕೊಂಡು, ಅದರೊಳಗೊಬ್ಬ ಸಣ್ಣಗಿನ, ನಗುವ ಮನುಷ್ಯ ಕಾಣಿಸಿಕೊಂಡ. ಮೀಟರಪ್ಪನವರು ತೂತಿನ ಮೇಲೆ ಸೈಕಲ್ಲಿನ ಟ್ಯೂಬು ಬಿಗಿದು ಹಿಡಿದರು. ಅತ್ತೆ ದೋಣಿಯಲ್ಲಿದ್ದ ಹಳೆಯ ಹಾಯಿಯ ತುಂಡು ತರಿಸಿ, ಅದನ್ನು ಅಂಗಿಯ ತೋಳಿನಂತೆ ಸುತ್ತಿ, ಮೇಣ ಹಚ್ಚಿದ ದಾರದಲ್ಲಿ ಇಮ್ಮಡಿ ಹೊಲಿಗೆ ಹಾಕಿದರು.

“ಕೈ ಅಲ್ಲಾಡಿಸಬೇಡಿ ಅಳಿಯಂದ್ರೇ. ಸೂಜಿಗೆ ನೆಂಟಸ್ತಿಕೆ ಗೊತ್ತಿಲ್ಲ.”

ಹೊಲಿಗೆ ಮುಗಿಯಿತು. ಶಾಲೆಯ ನಲ್ಲಿ ಮೊದಲು ಬುಸುಗುಟ್ಟಿತು, ಕೆಂಪು ಕೆಸರು ಉಗುಳಿತು, ಆಮೇಲೆ ತಿಳಿನೀರು ಬಂತು. ಮೊದಲ ಕೊಡ ಮುಂದಕ್ಕೆ ಸರಿಯಿತು. ದಡದವರೆಗಿನ ಸಾಲು ಪೂರ್ತಿ ತುಂಬಿ ಮುಗಿಯುವವರೆಗೂ ಯಾರೂ ನೂಕಾಡಲಿಲ್ಲ. ಟೀಚರಮ್ಮ ಮುಖ ತೊಳೆದುಕೊಂಡವರು ಬಹಳ ಹೊತ್ತು ಸೆರಗನ್ನು ಮುಖದಿಂದ ತೆಗೆಯಲಿಲ್ಲ. ಮೀಟರಪ್ಪನವರ ಹೆಂಡತಿ ಪಕ್ಕದಲ್ಲಿ ನಿಂತು ಏನೂ ಕೇಳದೆ ಅವರ ಬೆನ್ನು ಸವರಿದರು.

ಮರುದಿನ ಬೆಳಿಗ್ಗೆ ಈಜುಗಾರರು ಲಂಗರನ್ನು ಹುಡುಕಿ ತಂದು, ಹಗ್ಗದ ಕೊನೆಯನ್ನು ದೋಣಿಗೆ ಕಟ್ಟಿಯೇ ಒಪ್ಪಿಸಿದರು. ಮೀಟರಪ್ಪನವರು ಅಧಿಕಾರಿಯ ಜೊತೆ ಕೂತು ಇಂಜಿನ್ನಿನ ಪಾಚಿ ಬಿಡಿಸುತ್ತಿದ್ದಾಗ, ಪಕ್ಕದ ದ್ವೀಪದಿಂದ ಒಂದು ಮೀನುದೋಣಿ ಬಂದು ನಿಂತಿತು. ಅದರಿಂದ ಇಳಿದ ಹೆಂಗಸಿಗೆ ಅರುವತ್ತರ ಮೇಲಾಗಿತ್ತು. ಬಿಸಿಲಿಗೆ ಸುಟ್ಟ ಮುಖ, ಕೈಯಲ್ಲಿ ಒಂದು ತುಕ್ಕು ಹಿಡಿದ ನಲ್ಲಿ. ಸುದ್ದಿಗೆ ರೇಡಿಯೋ ಬೇಕಾಗಲಿಲ್ಲ.

“ಮೀಟರ್ ಓದೋರು ಯಾರು?” ಎಂದು ಆಕೆ ಕೇಳಿದರು.

ಮೀಟರಪ್ಪನವರು ಎದ್ದು ನಿಂತರು. ಅವರನ್ನು ಹುಡುಕಿಕೊಂಡು ಇಷ್ಟು ದೂರ ಯಾರೂ ಬಂದಿರಲಿಲ್ಲ. ಬೀದಿಯಲ್ಲಿ ಅವರನ್ನು ಕಂಡರೆ ಜನ ಬಾಗಿಲು ಹಾಕಿಕೊಳ್ಳುವುದೇ ವಾಡಿಕೆ. ಆದರೂ ಅವರು ಮೊದಲು ಹೆಂಡತಿಯ ಕಡೆ ನೋಡಿದರು. ಇದು ಆಕೆಗೆ ಆರು ವರ್ಷಗಳಲ್ಲಿ ಸಿಕ್ಕ ಮೊದಲ ರಜೆ. ಆಕೆ ಮರಳಲ್ಲಿ ಕಾಲು ಚಾಚಿ ಕೂತು, ಚಪ್ಪಲಿಯನ್ನೂ ಬಿಟ್ಟಿದ್ದರು.

“ಏನಾಗಿದೆ ಅಂತ ಮೊದಲು ಕೇಳಿ,” ಎಂದು ಆಕೆ ಚಪ್ಪಲಿ ಹುಡುಕತೊಡಗಿದರು. “ನಿಮ್ಮನ್ನ ಕೆಲಸ ಮಾಡುವಾಗ ನಾನು ನೋಡೇ ಇರಲಿಲ್ಲ. ಇನ್ನೊಂದು ಸಲ ನೋಡೋಣ.”

ಹೆಂಗಸು ತನ್ನ ದ್ವೀಪವನ್ನು ಬೆರಳು ಮಾಡಿ ತೋರಿಸಿದರು. ಗಾಳಿ ನೇರ ಅಲ್ಲಿಂದಲೇ ಬೀಸುತ್ತಿತ್ತು.

“ಅಮ್ಮಾ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ,” ಎಂದರು ಮೀಟರಪ್ಪನವರು. “ಇಂಜಿನ್ನು ಇನ್ನೂ ಚಾಲೂ ಆಗಿಲ್ಲ. ಎದುರುಗಾಳೀಲಿ ಹಾಯಿ ಕಟ್ಟಿ ದೋಣಿ ನಡೆಸೋಕೆ ನನಗೂ ಬರಲ್ಲ, ನಮ್ಮತ್ತೆಗೂ ಬರಲ್ಲ.”

“ನನಗೆ ಬರುತ್ತೆ,” ಎಂದರು ಆಕೆ. “ಐವತ್ತು ವರ್ಷ ಆಯ್ತು. ನೇರ ಹೋಗಬಾರದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೋಗಬೇಕು. ದಾರೀಲಿ ನಾನು ಅದನ್ನ ಕಲಿಸ್ತೀನಿ. ನಮ್ಮೂರಿಗೆ ಹೋದಮೇಲೆ ಈ ನಲ್ಲೀನ ಬಿಚ್ಚಿ ಜೋಡಿಸೋದು ನೀವು ಕಲಿಸಿ. ಪದೇ ಪದೇ ನಿಮ್ಮನ್ನ ಕರೆಯೋಕಾಗುತ್ತಾ?”

ನಲ್ಲಿಯನ್ನು ಮೀಟರಪ್ಪನವರ ಕೈಗಿಟ್ಟು, ಆಕೆ ಬಿಳಿ ದೋಣಿ ಹತ್ತಿ ಚುಕ್ಕಾಣಿಯ ಹತ್ತಿರ ಕೂತು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟರು. ಅತ್ತೆ ಆಗಲೇ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಿದ್ದರು. ಬಂದರು ಅಧಿಕಾರಿ ಮೊಣಕಾಲು ನೀರಿಗಿಳಿದು ದೋಣಿಯನ್ನು ತಳ್ಳಿಕೊಟ್ಟರು. ಅದು ಮೊದಲು ಎಡಕ್ಕೆ ಬಹುದೂರ ಹೋಯಿತು. ದಾರಿ ತಪ್ಪಿತೇನೋ ಎಂದು ದಡದವರು ಅಂದುಕೊಳ್ಳುವಷ್ಟರಲ್ಲಿ ತಿರುಗಿ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ. ಮೂರನೆಯ ತಿರುವಿನಲ್ಲಿ ಚುಕ್ಕಾಣಿ ಹಿಡಿದಿದ್ದವರು ಮೀಟರಪ್ಪನವರು.